ಊರೊಳಗಣ ಬರಿನೆಲ: ಬಡಾವಣೆಯ ತತ್ತ್ವದ ಒಂದು ವಿಮರ್ಶೆ

೧

ಸಂಸ್ಕೃತದಲ್ಲಿ ‘ನಿವೇಶನ’ವೆಂಬ ಶಬ್ದಕ್ಕೆ ಒಳಹೊಗುವುದು, ನೆಲಸುವುದು, ಮನೆ ಎಂಬ ಅರ್ಥಗಳಿವೆ. ನಮ್ಮ ಇಂದಿನ ನಗರಾಡಳಿತದ ಕನ್ನಡದಲ್ಲಿ ಅದೇ ಶಬ್ದವು ಇನ್ನೂ ಮನೆ ಕಟ್ಟದಿರುವ ನೆಲದ ತುಂಡಿಗೆ ಹೆಸರಾಗಿದೆ. ಇದನ್ನು ಕೇವಲ ಅರ್ಥವ್ಯತ್ಯಾಸವೆಂದು ಭಾಷಾಶಾಸ್ತ್ರಜ್ಞರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಮೈಸೂರಿನ ಕುವೆಂಪುನಗರ, ವಿಜಯನಗರ, ದಟ್ಟಗಳ್ಳಿಗಳ ಬೀದಿಗಳಲ್ಲಿ ನಡೆದವರಿಗೆ ಈ ವ್ಯತ್ಯಾಸದ ಹಿಂದೆ ಒಂದು ಸಾಮಾಜಿಕ ಸಂಗತಿ ಅಡಗಿರುವುದು ತೋರದೆ ಹೋಗದು. ಎರಡು ಮಹಡಿಯ ಎರಡು ಮನೆಗಳ ನಡುವೆ ಪಾರ್ಥೇನಿಯಂ ಬೆಳೆದ, ಇಟ್ಟಿಗೆಯ ಚೂರು ಸುರಿದ ನಿವೇಶನ. ಅದರ ಮುಂದೆ ಟಾರು ರಸ್ತೆ, ಬೀದಿದೀಪ, ನೀರಿನ ಕೊಳವೆ, ಒಳಚರಂಡಿ ಎಲ್ಲವೂ ಸಿದ್ಧ. ಇಷ್ಟೆಲ್ಲವನ್ನೂ ಸಾರ್ವಜನಿಕ ಹಣದಿಂದ ಒದಗಿಸಿ, ಮನೆಯೊಂದನ್ನು ಮಾತ್ರ ಇಲ್ಲದಂತೆ ಉಳಿಸಿಕೊಂಡಿದ್ದೇವೆ. ಇತ್ತ ಬಡವರ ಮನೆಗಳಿಗಾಗಿ ನೆಲ ಹುಡುಕುವ ಅಧಿಕಾರಿಗಳು ಊರಿನಿಂದ ಆಚೆಗೆ, ನೀರೂ ಬಸ್ಸೂ ತಲಪದ ಕಡೆಗೆ ಹೋಗುತ್ತಾರೆ.

ಈ ಎರಡು ಸಂಗತಿಗಳು ಒಂದೇ ತತ್ತ್ವದ ಎರಡು ಫಲಗಳೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ತತ್ತ್ವವನ್ನು ‘ಬಡಾವಣೆಯ ತತ್ತ್ವ’ವೆಂದು ಕರೆಯೋಣ: ಮನೆಯ ಕೊರತೆಗೆ ಊರನ್ನು ಹೊರಕ್ಕೆ ವಿಸ್ತರಿಸುವುದೇ ಪರಿಹಾರವೆಂಬ ನಂಬಿಕೆ. ಇದಕ್ಕೆ ಪ್ರತಿಯಾಗಿ ಊರೊಳಗಣ ಬರಿನೆಲವನ್ನು ಅಲ್ಪವೆಚ್ಚದ ಮನೆಗಳಿಂದ ತುಂಬಬೇಕೆಂಬ ವಾದ ಈಚೆಗೆ ಬಲಗೊಂಡಿದೆ. ಅದರ ಗುಣದೋಷಗಳನ್ನೂ ಇಲ್ಲಿ ಪರೀಕ್ಷಿಸಬೇಕು. ಹೊಸದೆಂಬ ಮಾತ್ರಕ್ಕೆ ಯಾವ ವಾದವೂ ಗ್ರಾಹ್ಯವಾಗುವುದಿಲ್ಲ.

೨

ಬಡಾವಣೆಯ ತತ್ತ್ವ ಹುಟ್ಟಿದ ಕಾಲದಲ್ಲಿ ಅದಕ್ಕೆ ಬಲವಾದ ಕಾರಣವಿತ್ತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಬೆಂಗಳೂರಿಗೆ ಬಂದು, ಮೈಸೂರನ್ನೂ ಮುಟ್ಟಿತು. ಮುಂಬಯಿಯಲ್ಲಿ ೧೮೯೮ರಲ್ಲಿಯೇ ನಗರಸುಧಾರಣೆಯ ಟ್ರಸ್ಟ್ ಏರ್ಪಟ್ಟಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೊದಲ ವರ್ಷಗಳಲ್ಲಿ, ೧೯೦೩ರಲ್ಲಿ, ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಸ್ಥಾಪಿತವಾಯಿತು. ಕತ್ತಲೆಯ ಕೋಣೆ, ಇಲಿ ಸೇರಿದ ಮಣ್ಣಿನ ಗೋಡೆ, ಹರಿಯದ ಚರಂಡಿ ಇವುಗಳಿಂದ ಜನರನ್ನು ಬಿಡಿಸಿ ಗಾಳಿ ಬೆಳಕುಗಳಿರುವ ಅಗಲವಾದ ಬೀದಿಗಳಿಗೆ ತರಬೇಕೆಂಬುದು ಆ ಮಂಡಲಿಯ ಆಶಯ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ವೊಂಟಿಕೊಪ್ಪಲುಗಳ ನೇರವಾದ ಬೀದಿಗಳೂ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳೂ ಈ ಯುಗದ ನಗರರಚನೆಯನ್ನು ಇಂದಿಗೂ ತೋರಿಸುತ್ತವೆ. ಆ ಸಾಧನೆಯನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು.

ಆದರೆ ಒಂದು ರೋಗಕ್ಕೆ ಹೇಳಿದ ಮದ್ದು ರೋಗ ಹೋದ ಮೇಲೂ ಪಥ್ಯವಾಗಿ ಉಳಿದುಕೊಂಡಿತು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಕೋಣೆಯಲ್ಲಿ ಎಂಟು ಜನ ಮಲಗುವುದು ಇಕ್ಕಟ್ಟು. ಒಂದು ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಲ್ಲುವುದು ಸಾಂದ್ರತೆ. ಮೊದಲನೆಯದು ಕೇಡು, ಎರಡನೆಯದು ಹಾಗಲ್ಲ. ಹಳೆಯ ಅಗ್ರಹಾರದ ಮನೆ ಮುಂಬದಿಯಲ್ಲಿ ಕಿರಿದು, ಹಿಂದಕ್ಕೆ ಉದ್ದ. ಪಕ್ಕದ ಮನೆಗೂ ಅದಕ್ಕೂ ಒಂದೇ ಗೋಡೆ. ನಡುವೆ ತೊಟ್ಟಿಯಿಂದ ಬೆಳಕು, ಹಿತ್ತಿಲಿನಿಂದ ಗಾಳಿ. ಸಾಂದ್ರವಾಗಿಯೂ ಇಕ್ಕಟ್ಟಾಗದೆ ಬಾಳುವ ವಿದ್ಯೆ ನಮ್ಮವರಿಗೆ ತಿಳಿದಿತ್ತು. ಪ್ಲೇಗಿನ ಭಯ ಈ ಭೇದವನ್ನು ಮರೆಸಿತು. ನಾಲ್ಕೂ ಕಡೆ ಜಾಗ ಬಿಟ್ಟು ನಡುವೆ ಒಂಟಿಯಾಗಿ ನಿಂತ ಮನೆಯೇ ಆರೋಗ್ಯಕರವೆಂಬ ಭಾವನೆ ನಿಯಮವಾಯಿತು, ನಿಯಮ ಪ್ರತಿಷ್ಠೆಯಾಯಿತು.

ಅಂದು ಇನ್ನೊಂದು ದಾರಿಯೂ ಇತ್ತು. ೧೯೧೪ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡೆಸ್ ಮದರಾಸು ಪ್ರಾಂತದ ಪಟ್ಟಣಗಳನ್ನು ಸುತ್ತಿ ವರದಿಗಳನ್ನು ಬರೆದನು. ಇಡೀ ಕೇರಿಗಳನ್ನು ಕೆಡವಿ ನೇರವಾದ ಬೀದಿ ಹಾಯಿಸುವ ಸುಧಾರಣೆಯನ್ನು ಅವನು ಒಪ್ಪಲಿಲ್ಲ. ಮೊದಲು ಊರನ್ನು ಮನೆಮನೆಯಾಗಿ ನೋಡಬೇಕು. ತೀರ ಕೆಟ್ಟದ್ದನ್ನು ಮಾತ್ರ ತೆಗೆಯಬೇಕು. ಉಳಿದುದನ್ನು ಉಳಿಸಿಕೊಂಡು ತಿದ್ದಬೇಕು ಎಂಬುದು ಅವನ ಮತ. ತುಂಡು ತುಂಡಾಗಿ, ನಿವೇಶನ ನಿವೇಶನವಾಗಿ ಊರನ್ನು ನೋಡುವ ಈ ದೃಷ್ಟಿಯೇ ಬರಿನೆಲವನ್ನು ತುಂಬುವ ವಾದದ ಮೂಲ. ೧೯೩೯ರಿಂದ ೧೯೪೮ರವರೆಗೆ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೋ ಕೋನಿಗ್ಸ್‌ಬರ್ಗರ್ ಮುಂದೆ ದೀರ್ಘಕಾಲದ ಮಹಾಯೋಜನೆಗಳಿಗಿಂತ ಸ್ಥಳದಲ್ಲಿ ಆಗಬೇಕಾದುದನ್ನು ಆಗಲೇ ಮಾಡುವ ಯೋಜನಾಕ್ರಮವನ್ನು ಪ್ರತಿಪಾದಿಸಿದನು. ಹೀಗೆ ಸಣ್ಣ ಪ್ರಮಾಣದ ಕೆಲಸದ ಗೌರವವನ್ನು ಬಲ್ಲವರು ನಮ್ಮ ನೆರೆಯಲ್ಲೂ ನಮ್ಮ ನಡುವೆಯೂ ಇದ್ದರು. ನಾವು ಆರಿಸಿಕೊಂಡದ್ದು ಮಾತ್ರ ಬಡಾವಣೆಯನ್ನು.

೩

ಬಡಾವಣೆಯ ತತ್ತ್ವದ ಮುಖ್ಯ ದೋಷವೇನು? ಅದು ಮನೆಗಳನ್ನಲ್ಲ, ನಿವೇಶನಗಳನ್ನು ಉತ್ಪಾದಿಸುತ್ತದೆ. ರೈತನ ಹೊಲವನ್ನು ಸ್ವಾಧೀನಪಡಿಸಿಕೊಂಡು, ಗೆರೆ ಎಳೆದು, ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು, ನಲವತ್ತು ಅರವತ್ತು ಅಡಿಗಳ ತುಂಡುಗಳನ್ನಾಗಿ ಹಂಚಿದಲ್ಲಿಗೆ ಪ್ರಾಧಿಕಾರದ ಕರ್ತವ್ಯ ಮುಗಿಯುತ್ತದೆ. ಮೈಸೂರಿನ ಟ್ರಸ್ಟ್ ಮಂಡಲಿಯ ಸ್ಥಾನಕ್ಕೆ ೧೯೮೮ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಬಂದಿತು. ಹೆಸರು ಬದಲಾಯಿತು, ಕ್ರಮ ಬದಲಾಗಲಿಲ್ಲ.

ಮನೆ ಕಟ್ಟಲೇಬೇಕೆಂಬ ಕಟ್ಟಳೆ ಇರಲಿಲ್ಲವೆಂದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ೧೯೮೪ರ ನಿವೇಶನ ಹಂಚಿಕೆ ನಿಯಮಗಳಲ್ಲಿ, ನಿವೇಶನ ಪಡೆದವನು ಐದು ವರ್ಷಗಳೊಳಗೆ ಮನೆ ಕಟ್ಟಬೇಕೆಂದು ವಿಧಿಸಿದೆ. ಅವಧಿಯನ್ನು ವಿಸ್ತರಿಸುವುದಕ್ಕೂ ಅವಕಾಶ ಕೊಟ್ಟಿದೆ. ನಿಯಮದ ಮೊದಲ ಭಾಗ ಕಾಗದದಲ್ಲಿ ಉಳಿಯಿತು. ಎರಡನೆಯ ಭಾಗ ಆಚರಣೆಗೆ ಬಂದಿತು. ಕಟ್ಟಿದ ಮನೆಗಿಂತ ಖಾಲಿ ನೆಲಕ್ಕೆ ತೆರಿಗೆ ಹಗುರ. ನೆಲದ ಬೆಲೆ ವರ್ಷವರ್ಷವೂ ಏರುತ್ತಿರುವಾಗ ಏನನ್ನೂ ಮಾಡದಿರುವುದೇ ಲಾಭದ ಕಸುಬು. ಮಗಳ ಮದುವೆಗೆ, ಮಗನ ಓದಿಗೆ, ನಿವೃತ್ತಿಯ ಕಾಲಕ್ಕೆ ಎಂದು ನಮ್ಮ ಮಧ್ಯಮವರ್ಗ ನಿವೇಶನವನ್ನು ಒಡವೆಯಂತೆ ಎತ್ತಿಟ್ಟಿತು. ಈ ಪತ್ರಿಕೆಯನ್ನು ಓದುವ ಅಧ್ಯಾಪಕವರ್ಗವೂ ಈ ಮಾತಿಗೆ ಹೊರಗಲ್ಲ. ಗೃಹನಿರ್ಮಾಣ ಸಹಕಾರ ಸಂಘಗಳ ಸದಸ್ಯರ ಪಟ್ಟಿಗಳಲ್ಲಿ ನಮ್ಮಂಥ ಸಂಬಳಗಾರರ ಹೆಸರುಗಳೇ ಹೆಚ್ಚು. ಅಂಥ ಸಂಘಗಳಿಗಾಗಿ ಮಧ್ಯವರ್ತಿಗಳ ಮೂಲಕ ನಡೆದ ಭೂಸ್ವಾಧೀನ ಸಾರ್ವಜನಿಕ ಉದ್ದೇಶದ್ದಲ್ಲವೆಂದು ಬೆಂಗಳೂರಿನ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ಎತ್ತಿಹಿಡಿದುದನ್ನು ಇಲ್ಲಿ ನೆನೆಯಬಹುದು.

ಭೂಮಿತಿಯ ಶಾಸನ ಇದನ್ನು ತಡೆಯಲಿಲ್ಲವೇ ಎಂದು ಕೇಳಬಹುದು. ೧೯೭೬ರ ನಗರ ಭೂಮಿತಿ ಶಾಸನ ಬೆಂಗಳೂರಿನಂಥ ನಗರಕ್ಕೆ ೧,೦೦೦ ಚದರ ಮೀಟರುಗಳ ಮಿತಿಯನ್ನು ವಿಧಿಸಿತು. ಮೂವತ್ತು ನಲವತ್ತರ ನಿವೇಶನವೊಂದು ಸುಮಾರು ೧೧೧ ಚದರ ಮೀಟರು. ಅಂದರೆ ಶಾಸನದ ಬಲೆಯ ಕಣ್ಣು ಬಹು ದೊಡ್ಡದು. ಊರೊಳಗೆ ಚೆದರಿದ ಸಣ್ಣ ಬರಿನೆಲಗಳು ಅದರಲ್ಲಿ ಸಿಕ್ಕುವಂಥವಲ್ಲ. ದೊಡ್ಡ ಹಿಡುವಳಿಯ ವಿಷಯದಲ್ಲಿಯೂ ವಿನಾಯಿತಿಗಳು ಹೇರಳವಾಗಿ, ೧೯೯೯ರಲ್ಲಿ ಆ ಶಾಸನವೇ ರದ್ದಾಯಿತು. ದೊಡ್ಡ ಒಡೆತನವನ್ನು ಅನ್ಯಾಯವೆಂದು ಗುರುತಿಸಿದ ನಮ್ಮ ಕಾನೂನು ಸಣ್ಣ ಸಣ್ಣ ನಿರುಪಯೋಗಗಳ ಮೊತ್ತವನ್ನು ಎಂದೂ ಎಣಿಸಲಿಲ್ಲ.

೨೦೨೪ರಲ್ಲಿ ಮೈಸೂರಿನ ನಿವೇಶನ ಹಂಚಿಕೆಯ ವಿಚಾರ ರಾಜ್ಯವನ್ನೆಲ್ಲ ಕಲಕಿತು. ವಿಧಾನಮಂಡಲದಲ್ಲಿ, ನ್ಯಾಯಾಲಯದಲ್ಲಿ, ಪತ್ರಿಕೆಗಳಲ್ಲಿ ನಡೆದ ಚರ್ಚೆಯ ರಾಜಕೀಯ ಪಕ್ಷ ಪ್ರತಿಪಕ್ಷಗಳು ಇಲ್ಲಿ ನಮಗೆ ಬೇಡ. ವಿಮರ್ಶಕನಿಗೆ ಗಮನಾರ್ಹವಾದುದು ಬೇರೆ. ನಿವೇಶನ ಯಾರಿಗೆ ಸಿಕ್ಕಿತು, ಯಾವ ದರದಲ್ಲಿ ಸಿಕ್ಕಿತು ಎಂಬುದೇ ಚರ್ಚೆಯ ತಿರುಳಾಗಿತ್ತು. ಅದರ ಮೇಲೆ ಮನೆ ಎದ್ದಿತೆ, ಅದರಲ್ಲಿ ಯಾರು ವಾಸಿಸುತ್ತಾರೆ ಎಂಬ ಪ್ರಶ್ನೆ ಮುಂದೆ ಬರಲಿಲ್ಲ. ನಿವೇಶನವೆಂದರೆ ಆಸ್ತಿ, ವಾಸವಲ್ಲ ಎಂಬುದನ್ನು ಎಲ್ಲ ಪಕ್ಷಗಳೂ ಮಾತಿಲ್ಲದೆ ಒಪ್ಪಿಕೊಂಡಂತಿತ್ತು.

೪

ಇನ್ನು ಬಡವರ ಮನೆಗಳ ಸ್ಥಳದ ಪ್ರಶ್ನೆ. ‘ಊರ ಹೊರಗೆ ನೆಲ ಅಗ್ಗ, ಅಲ್ಲಿ ಕಟ್ಟಿದರೆ ಅದೇ ಹಣಕ್ಕೆ ಹೆಚ್ಚು ಮನೆಗಳಾಗುತ್ತವೆ’ ಎಂಬುದು ಸರ್ವಸಮ್ಮತವೆಂಬಂತೆ ಹೇಳುವ ವಾದ. ಇದು ಲೆಕ್ಕದಲ್ಲಿಯೂ ನಿಲ್ಲುವುದಿಲ್ಲ, ನೀತಿಯಲ್ಲಿಯೂ ನಿಲ್ಲುವುದಿಲ್ಲ.

ಲೆಕ್ಕವನ್ನು ಮೊದಲು ನೋಡೋಣ. ಇಪ್ಪತ್ತು ಮೂವತ್ತರ ಒಂಬತ್ತು ನಿವೇಶನಗಳಿಗೆ ೫,೪೦೦ ಚದರಡಿ ಬೇಕು. ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಗಳಿಗೆ ಬಿಟ್ಟು ನಿವೇಶನಗಳಿಗೆ ದೊರೆಯುವುದು ನೆಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಒಂಬತ್ತು ಕುಟುಂಬಗಳಿಗೆ ಸುಮಾರು ಒಂಬತ್ತು ಗುಂಟೆ ಹೊಲ ಹೋಗುತ್ತದೆ. ಊರೊಳಗಿನ ನಲವತ್ತು ಅರವತ್ತರ ಒಂದೇ ನಿವೇಶನ ೨,೪೦೦ ಚದರಡಿ, ಎಂದರೆ ಎರಡು ಗುಂಟೆಗಿಂತ ತುಸು ಹೆಚ್ಚು. ಅದರ ಅರುವತ್ತು ಪಾಲನ್ನು ಮಾತ್ರ ಕಟ್ಟಿ, ಮೂರು ಅಂತಸ್ತು ಎತ್ತಿ, ಮೆಟ್ಟಿಲು ಮೊದಲಾದುವಕ್ಕೆ ಆರನೆಯ ಒಂದು ಪಾಲನ್ನು ಕಳೆದರೆ ಅಂತಸ್ತಿಗೆ ಮೂರರಂತೆ ನಾನೂರು ಚದರಡಿಯ ಒಂಬತ್ತು ಮನೆಗಳಾಗುತ್ತವೆ. ಲಿಫ್ಟು ಬೇಡ, ಹೊಸ ರಸ್ತೆ, ಹೊಸ ಕೊಳವೆ, ಹೊಸ ಶಾಲೆ ಬೇಡ. ಹೊರಗಿನ ‘ಅಗ್ಗದ’ ನೆಲಕ್ಕೆ ಇವೆಲ್ಲವನ್ನೂ ಒಯ್ಯುವ ಖರ್ಚು ಬೇರೊಂದು ಇಲಾಖೆಯ ಪುಸ್ತಕದಲ್ಲಿ ಬರೆದಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮನೆಗೆಲಸದ ಹೆಂಗಸು, ಗಾರೆ ಕೆಲಸದವನು ದಿನವೂ ತೆರುವ ಬಸ್ಸಿನ ದುಡ್ಡು ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಲೆಕ್ಕಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಇಪ್ಪತ್ತು ಮೂವತ್ತರ ನೆಲದಲ್ಲಿ ಬಡವನ ಮನೆ ಬೆಳೆಯುತ್ತದೆ: ಮೊದಲು ಶೀಟಿನ ಸೂರು, ಮುಂದೆ ತಾರಸಿ, ಮಗನ ಮದುವೆಗೆ ಮೇಲೊಂದು ಕೋಣೆ, ಬೀದಿಗೆ ಒಂದು ಅಂಗಡಿ. ಅಂತಸ್ತಿನ ಮನೆ ಹಾಗೆ ಬೆಳೆಯದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಿಂದ ಸಿದ್ಧವಾಗುವುದು ಬರಿನೆಲದಲ್ಲಿ ಕಟ್ಟುವ ಮನೆಗಳಿಗೆ ತಕ್ಕ ಮಾದರಿ ಬೇಕೆಂಬುದೇ ಹೊರತು ಅವು ಬೇಡವೆಂಬುದಲ್ಲ. ಹಳೆಯ ಮೈಸೂರು ಬೆಂಗಳೂರುಗಳ ವಠಾರವನ್ನು ನೆನೆಯಿರಿ. ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಸುತ್ತ ಐದಾರು ಸಣ್ಣ ಮನೆಗಳು, ಬಾಡಿಗೆಯ ಸಂಸಾರಗಳು. ಬಚ್ಚಲು, ಕಕ್ಕಸುಗಳ ಕೊರತೆಯಿಂದ ಅದು ಕಷ್ಟದ ಬಾಳಾಗಿತ್ತು, ನಿಜ; ಆದರೆ ಊರ ನಡುವೆ ಅಲ್ಪ ಆದಾಯದವನಿಗೆ ನೆಲೆ ಕೊಟ್ಟ ದೇಶೀಯ ರಚನೆ ಅದೊಂದೇ. ಪ್ರತಿಯೊಂದು ಮನೆಗೂ ನೀರನ್ನೂ ಬಚ್ಚಲನ್ನೂ ಕೊಟ್ಟು, ಅಂಗಳವನ್ನು ಉಳಿಸಿಕೊಂಡು ಅದನ್ನೇ ತಿದ್ದಬಹುದಾಗಿತ್ತು. ಅದಕ್ಕೆ ಬದಲು ನಾಲ್ಕೂ ಕಡೆ ಜಾಗ ಬಿಡುವ ನಿಯಮವನ್ನು ಸಣ್ಣ ನಿವೇಶನಗಳಿಗೂ ಹೇರಿ ಅಂಥ ರಚನೆಯನ್ನೇ ಕಷ್ಟಸಾಧ್ಯಗೊಳಿಸಿದೆವು.

ನೀತಿಯ ಪ್ರಶ್ನೆ ಇನ್ನೂ ಆಳವಾದುದು. ೨೦೧೨ರಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿ ದೇಶದ ನಗರಗಳಲ್ಲಿ ೧ ಕೋಟಿ ೮೭ ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ೨೦೧೧ರ ಜನಗಣತಿಯಲ್ಲಿ ನಗರಗಳಲ್ಲಿ ಬೀಗ ಹಾಕಿಯೋ ಬರಿದಾಗಿಯೋ ನಿಂತಿದ್ದ ಕಟ್ಟಡಗಳು ೧ ಕೋಟಿ ೧೦ ಲಕ್ಷ. ಆ ಕೊರತೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸೂರೇ ಇಲ್ಲದವರದಲ್ಲ, ಇಕ್ಕಟ್ಟಾದ ಸೂರಿನಡಿ ಇರುವವರದು. ಅವರು ಈಗಾಗಲೇ ಊರೊಳಗಿದ್ದಾರೆ. ಅವರ ಕೆಲಸ, ಮಕ್ಕಳ ಶಾಲೆ, ಕೈಸಾಲದ ನಂಟು ಎಲ್ಲ ಅಲ್ಲಿಯೇ ಇದೆ. ಅವರಿಗೆ ಬೇಕಾದುದು ಅದೇ ಬೀದಿಯ ಆಸುಪಾಸಿನಲ್ಲಿ ಇನ್ನೊಂದು ಕೋಣೆ. ನಾವು ಕೊಡುವುದು ಬೇರೊಂದು ಊರು.

ಈ ಕ್ರಮ ನಗರಕ್ಕೆ ಮಾತ್ರ ಸೀಮಿತವಲ್ಲವೆಂಬುದನ್ನು ತಿಳಿಯಲು ಹಳ್ಳಿಯತ್ತಲೂ ಕಣ್ಣು ಹಾಯಿಸಬೇಕು. ಸಂತಾನ ವೇಣುಗೋಪಾಲಸ್ವಾಮಿಯ ದೇವಾಲಯದಿಂದ ಹೆಸರಾದ, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಇಂಥ ಊರಿಗೆ ಗ್ರಾಮಠಾಣವೆಂಬ ಎಲ್ಲೆಯುಂಟು. ಈ ಸೀಮೆಯ ಗ್ರಾಮಠಾಣಗಳೊಳಗೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿಯೋ, ಪಟ್ಟಣಕ್ಕೆ ಹೋದವರ ಮರೆವಿನಲ್ಲಿಯೋ ಕುಸಿದ ಮನೆಗಳ ಪಾಳುನೆಲ ಬಿದ್ದಿರುವುದೂ, ಸರ್ಕಾರದ ಮನೆಗಳು ಮಾತ್ರ ಎಲ್ಲೆಯ ಆಚೆ ಸಾಲಾಗಿ ಏಳುವುದೂ ಸಾಮಾನ್ಯದೃಶ್ಯ. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ೧೯೯೧-೯೨ರ ಆಶ್ರಯ ಯೋಜನೆಯವರೆಗೆ ಲಕ್ಷಾಂತರ ಬಡವರಿಗೆ ಸ್ವಂತ ಸೂರು ದೊರೆತದ್ದು ದೊಡ್ಡ ಸಾಧನೆಯೇ. ಆದರೆ ಆ ಸೂರು ಎಲ್ಲಿ ಎದ್ದಿತು? ‘ಊರ ಹೊರಗೆ’ ಎಂಬುದು ನಮ್ಮ ನಾಡಿನಲ್ಲಿ ದಿಕ್ಕನ್ನು ಮಾತ್ರ ಹೇಳುವ ಮಾತಲ್ಲ. ಯಾರನ್ನು ಊರೊಳಗೆ ಸೇರಿಸದೆ ಕೇರಿಯೆಂದು ಬೇರ್ಪಡಿಸಿ ಇಟ್ಟಿದ್ದೆವೋ ಅವರ ಮಕ್ಕಳನ್ನೇ ‘ನೆಲ ಅಗ್ಗ’ ಎಂಬ ಹೊಸ ಕಾರಣ ಹೇಳಿ ಮತ್ತೆ ಹೊರಗಿಟ್ಟರೆ, ಅರ್ಥಶಾಸ್ತ್ರವು ಹಳೆಯ ಕಟ್ಟಳೆಗೆ ತೊಡಿಸಿದ ಹೊಸ ಅಂಗಿಯಾಗುತ್ತದೆ. ೨೦೨೦ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಗಳನ್ನು ಡ್ರೋನಿನಿಂದ ಅಳೆದು ನಕ್ಷೆ ಮಾಡುವ ಕೆಲಸಕ್ಕೆ ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ನಕ್ಷೆ ಹಕ್ಕುಪತ್ರಕ್ಕೆ ಮಾತ್ರವಲ್ಲದೆ, ಒಳಗಿನ ಬರಿನೆಲವನ್ನು ಗುರುತಿಸುವುದಕ್ಕೂ ಸಾಧನವಾಗಬಲ್ಲುದು.

೫

ಇಷ್ಟು ಹೇಳಿದ ಮೇಲೆ ಬರಿನೆಲವನ್ನು ತುಂಬುವ ವಾದವನ್ನೂ ಒರೆಗೆ ಹಚ್ಚಬೇಕು. ಅದರ ಪ್ರತಿಪಾದಕರು ಊರೊಳಗೆ ಕಟ್ಟಿದರೆ ಮನೆ ತಾನಾಗಿಯೇ ಅಗ್ಗವಾಗುವುದೆಂದು ಹೇಳುವುದುಂಟು. ಇದು ಭ್ರಮೆ. ಊರೊಳಗಿನ ನೆಲ ದುಬಾರಿ. ಒಡೆಯನಿಗೆ ಹೆಚ್ಚು ಅಂತಸ್ತುಗಳ ಅನುಮತಿ ಕೊಟ್ಟರೆ ನೆಲದ ಬೆಲೆ ಮತ್ತೂ ಏರುವುದೇ ಹೊರತು ಬಾಡಿಗೆ ಇಳಿಯುವುದು ನಿಶ್ಚಯವಲ್ಲ. ನೆಲ ಯಾರದೆಂಬ ಪ್ರಶ್ನೆಯನ್ನು ಬದಿಗಿಟ್ಟು ನೆಲ ತುಂಬುವ ಮಾತನಾಡುವುದು ಅಪಾಯಕರ.

ಬೆಂಗಳೂರಿನ ಈಜಿಪುರದ ಕಥೆ ಇದಕ್ಕೆ ನಿದರ್ಶನ. ಕೋರಮಂಗಲದ ಮಗ್ಗುಲಲ್ಲಿ ಮಹಾನಗರಪಾಲಿಕೆ ತನ್ನದೇ ನೆಲದಲ್ಲಿ ಆರ್ಥಿಕವಾಗಿ ದುರ್ಬಲರಿಗಾಗಿ ಸುಮಾರು ೧,೫೦೦ ಮನೆಗಳನ್ನು ಕಟ್ಟಿತು. ಬಡವರಿಗೆ ಊರೊಳಗೇ ಮನೆ ಎಂಬ ತತ್ತ್ವ ಅಲ್ಲಿ ಕಾರ್ಯಗತವಾಗಿತ್ತು. ಆದರೆ ಕಟ್ಟಡಗಳು ಅಲ್ಪಕಾಲದಲ್ಲಿಯೇ ಶಿಥಿಲವಾಗಿ ಕೆಲವು ಕುಸಿದುಬಿದ್ದವು. ಅಷ್ಟರಲ್ಲಿ ಸುತ್ತಲಿನ ನೆಲದ ಬೆಲೆ ಗಗನಕ್ಕೇರಿತ್ತು. ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣವೆಂದು ಒಪ್ಪಂದವಾಗಿ, ನೆಲದ ಒಂದು ಭಾಗ ವಾಣಿಜ್ಯಕಟ್ಟಡಕ್ಕೆ ಗೊತ್ತಾಯಿತು. ೨೦೧೩ರ ಜನವರಿಯಲ್ಲಿ ಅಲ್ಲಿ ಉಳಿದಿದ್ದ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಲಾಯಿತು. ಈ ಪ್ರಕರಣದಿಂದ ಎರಡು ಪಾಠಗಳು ಲಭಿಸುತ್ತವೆ. ಕಟ್ಟಿ ಕೈತೊಳೆದುಕೊಂಡರೆ ಸಾಲದು, ದುರಸ್ತಿಯ ಹೊಣೆಯೂ ಯೋಜನೆಯ ಅಂಗವಾಗಬೇಕು. ನೂರಾರು ಮನೆಗಳ ಒಂದೇ ರಾಶಿ ನೆಲದ ವ್ಯಾಪಾರಿಯ ಕಣ್ಣಿಗೆ ಒಂದೇ ತುತ್ತಾಗಿ ಕಾಣುತ್ತದೆ. ಅದೇ ಮನೆಗಳು ಒಂಬತ್ತರಂತೆ ಊರೆಲ್ಲ ಹರಡಿದ್ದರೆ ಹಾಗೆ ನುಂಗುವುದು ಸುಲಭವಲ್ಲ. ಸಣ್ಣ ನಿವೇಶನ ಲಾಭಕರವಲ್ಲವೆಂದು ಗುತ್ತಿಗೆದಾರರು ಹೇಳುವ ದೋಷವೇ ಇಲ್ಲಿ ರಕ್ಷಣೆಯಾಗುತ್ತದೆ.

ಆದ್ದರಿಂದ ಕಾರ್ಯಕ್ರಮವು ಸಾರ್ವಜನಿಕ ನೆಲದಿಂದ ತೊಡಗಬೇಕು. ಪ್ರಾಧಿಕಾರ ಪಾಲಿಕೆಗಳ ಕೈಯಲ್ಲಿ ಹಂಚದೆ ಉಳಿದ ಮೂಲೆಯ ತುಂಡುಗಳು, ಕರಾರು ಮುರಿದು ದಶಕಗಟ್ಟಲೆ ಕಟ್ಟದೆ ಬಿಟ್ಟವರಿಂದ ನಿಯಮಾನುಸಾರ ಹಿಂತೆಗೆದುಕೊಳ್ಳಬಹುದಾದ ನಿವೇಶನಗಳು ಮೊದಲ ಸಾಲಿಗೆ ಬರಲಿ. ನೆಲದ ಒಡೆತನ ಸಾರ್ವಜನಿಕ ಸಂಸ್ಥೆಯಲ್ಲಿಯೇ ಉಳಿಯಲಿ. ಮನೆಗಳು ದೀರ್ಘಕಾಲದ ಬಾಡಿಗೆಗೆ ದೊರೆಯಲಿ. ನಮ್ಮ ವಸತಿ ಯೋಜನೆಗಳು ಹೆಚ್ಚಾಗಿ ಒಡೆತನವನ್ನೇ ಧ್ಯಾನಿಸುತ್ತ, ಬಾಡಿಗೆದಾರನೆಂಬ ಪ್ರಾಣಿ ಇರುವುದನ್ನೇ ಮರೆತಿದ್ದುವು. ೨೦೨೦ರ ಸೋಂಕಿನ ದಿನಗಳಲ್ಲಿ ಕೂಲಿಕಾರರು ನಗರಗಳನ್ನು ಬಿಟ್ಟು ನಡೆದು ಹೊರಟ ಮೇಲೆಯೇ ಕೇಂದ್ರ ಸರ್ಕಾರ ಅಲ್ಪಬಾಡಿಗೆಯ ವಸತಿಯ ಯೋಜನೆಯೊಂದನ್ನು ಮಂಜೂರು ಮಾಡಿತು. ಖಾಸಗಿ ಬರಿನೆಲದ ಮೇಲೆ ತೆರಿಗೆಯು ವರ್ಷ ಕಳೆದಂತೆ ಏರಲಿ. ಬಡವರಿಗೆ ಬಾಡಿಗೆಗೆ ಕಟ್ಟುವವನಿಗೆ ಇಳಿಯಲಿ. ಪಕ್ಕದ ಮನೆಯೊಡನೆ ಗೋಡೆ ಸೇರಿಸಿ ಕಟ್ಟಲು, ನಡುವೆ ಅಂಗಳ ಬಿಡಲು ನಿಯಮ ಅವಕಾಶ ಕೊಡಲಿ.

ಕೊನೆಯ ಅಡ್ಡಿ ಕಾನೂನಿನದಲ್ಲ, ನೆರೆಹೊರೆಯದು. ‘ನಮ್ಮ ಬೀದಿಗೆ ಅಂಥವರು ಬಂದರೆ ಬೀದಿಯ ಮರ್ಯಾದೆ ಏನಾದೀತು’ ಎಂಬ ಮಾತನ್ನು ಸಭೆಯಲ್ಲಿ ಯಾರೂ ಆಡುವುದಿಲ್ಲ. ಮಹಜರಿನಲ್ಲಿ ನೀರಿನ ಒತ್ತಡ, ವಾಹನಗಳ ನಿಲುಗಡೆ ಎಂದು ಬರೆಯುತ್ತಾರೆ. ಆದರೆ ‘ಅಂಥವರು’ ಹಗಲೆಲ್ಲ ಅದೇ ಬೀದಿಯ ಮನೆಗಳಲ್ಲಿ ಪಾತ್ರೆ ತೊಳೆದು, ಮಗು ಆಡಿಸಿ, ಗೋಡೆಗೆ ಸುಣ್ಣ ಬಳಿದು, ಸಂಜೆ ಎರಡು ಬಸ್ಸು ಬದಲಾಯಿಸಿ ಹೋಗುವವರೇ. ಅವರ ದುಡಿಮೆಗೆ ನಮ್ಮ ಬೀದಿಯಲ್ಲಿ ಸ್ಥಳವಿದೆ. ಅವರ ನಿದ್ರೆಗೆ ಇಲ್ಲ. ಪಾರ್ಥೇನಿಯಂ ಗಿಡಕ್ಕೆ ಇರುವ ಸ್ಥಳ ಅವರಿಗೆ ಇಲ್ಲದಿರುವುದಕ್ಕೆ ನೆಲದ ಅಭಾವ ಕಾರಣವಲ್ಲವೆಂಬುದು ಈ ವಿಚಾರಣೆಯಿಂದ ಸ್ಪಷ್ಟವಾಗಿದೆಯೆಂದು ಭಾವಿಸುತ್ತೇನೆ. ಪ್ಲೇಗಿನ ಭಯದಲ್ಲಿ ಊರನ್ನು ಹಿಗ್ಗಿಸಿದ ತಲೆಮಾರು ತನ್ನ ಕಾಲದ ಕರ್ತವ್ಯವನ್ನು ಮಾಡಿತು. ಹಿಗ್ಗಿದ ಊರಿನೊಳಗಣ ಬರಿದನ್ನು ತುಂಬಿ, ‘ನಿವೇಶನ’ವೆಂಬ ಮಾತಿಗೆ ಅದರ ಮೊದಲ ಅರ್ಥವನ್ನು ಮರಳಿಸುವುದು ನಮ್ಮ ಕಾಲದ ಕರ್ತವ್ಯ.